ಕಾಲ್ಬೆರಳು ಮುಟ್ಟುವ ಮುನ್ನ: ತೊಡೆಯ ಹಿಂಭಾಗದ ಬಿಗಿತಕ್ಕೂ ಸೊಂಟನೋವಿಗೂ ಏನು ನಂಟು?

“ಸೊಂಟ ಹಿಡಿದುಕೊಂಡಿದೆ” ಎಂದು ಯಾರಾದರೂ ಹೇಳಿದರೆ ಸಾಕು, ಪಕ್ಕದಲ್ಲಿದ್ದವರಿಂದ ಒಂದು ಸಲಹೆ ಬಂದೇ ಬರುತ್ತದೆ: “ದಿನಾ ಬೆಳಿಗ್ಗೆ ಎದ್ದ ತಕ್ಷಣ ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಿ, ಎಲ್ಲಾ ಸರಿಹೋಗುತ್ತೆ.” ಪಾರ್ಕಿನಲ್ಲಿ ವಾಕಿಂಗ್ ಮಾಡುವವರು, ಜಿಮ್‌ಗೆ ಹೋಗುವ ಗೆಳೆಯರು, ಮನೆಯ ಹಿರಿಯರು ಎಲ್ಲರೂ ಕೊಡುವ ಸಲಹೆ ಇದು. ಇದರ ಹಿಂದೆ ಒಂದು ನಿಜವಿದೆ. ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿದುಕೊಂಡಿದ್ದರೆ ನಾವು ಬಗ್ಗುವಾಗ ಹೆಚ್ಚಿನ ಹೊರೆ ಸೊಂಟದ ಮೇಲೆ ಬೀಳಬಹುದು. ಆದರೆ ಇದೇ ಸಲಹೆಯಲ್ಲಿ ಎರಡು ತಪ್ಪುಗಳೂ ಇವೆ. ಸೊಂಟ ನೋಯುವ ಎಲ್ಲರಿಗೂ ಈ ಬಿಗಿತವೇ ಕಾರಣವಲ್ಲ. ಎದ್ದ ಕೂಡಲೇ ನಿಂತು ಬಗ್ಗುವುದಂತೂ ನೋಯುತ್ತಿರುವ ಸೊಂಟಕ್ಕೆ ಎಲ್ಲಕ್ಕಿಂತ ಕಷ್ಟದ ವ್ಯಾಯಾಮ.

ಸೊಂಟನೋವು ಯಾರನ್ನೂ ಬಿಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು; 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿ ಮುಟ್ಟಬಹುದು. ಇವರಲ್ಲಿ ಸುಮಾರು ಶೇ 90ರಷ್ಟು ಮಂದಿಯ ನೋವಿಗೆ ಎಕ್ಸ್‌ರೇ ಅಥವಾ ಎಂಆರ್‌ಐ ನೋಡಿ ‘ಇದೇ ಕಾರಣ’ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಾಗಾಗಿ ನಾವು ಹೇಗೆ ಕೂರುತ್ತೇವೆ, ಹೇಗೆ ಬಗ್ಗುತ್ತೇವೆ, ಯಾವ ಸ್ನಾಯು ಎಷ್ಟು ಸಡಿಲವಾಗಿದೆ, ಎಷ್ಟು ಗಟ್ಟಿಯಾಗಿದೆ ಎಂಬುದನ್ನು ನೋಡಿಕೊಳ್ಳುವುದು ಮುಖ್ಯವಾಗುತ್ತದೆ. ಇವೆಲ್ಲ ನಮ್ಮ ಕೈಯಲ್ಲೇ ಇರುವ ಸಂಗತಿಗಳು.

ಈ ಸ್ನಾಯುಗಳು ಎಲ್ಲಿವೆ?

ತೊಡೆಯ ಹಿಂಭಾಗದಲ್ಲಿ ಬೈಸೆಪ್ಸ್ ಫೆಮೊರಿಸ್, ಸೆಮಿಟೆಂಡಿನೋಸಸ್, ಸೆಮಿಮೆಂಬ್ರನೋಸಸ್ ಎಂಬ ಮೂರು ಸ್ನಾಯುಗಳಿವೆ. ಮೂರನ್ನೂ ಸೇರಿಸಿ ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ಗಟ್ಟಿ ನೆಲದ ಮೇಲೆ ಕೂತಾಗ ಪೃಷ್ಠದ ಎರಡೂ ಕಡೆ ನೆಲಕ್ಕೆ ಒತ್ತುವ ಎಲುಬಿನ ಗುಬುಟು ಇದೆಯಲ್ಲ, ಈ ಸ್ನಾಯುಗಳು ಹೊರಡುವುದು ಅಲ್ಲಿಂದ. ಬೈಸೆಪ್ಸ್‌ನ ಒಂದು ಚಿಕ್ಕ ಕವಲು ಮಾತ್ರ ತೊಡೆಯೆಲುಬಿನಿಂದಲೇ ಶುರುವಾಗುತ್ತದೆ. ಕೆಳಗೆ ಇಳಿದು ಮಂಡಿಯನ್ನು ದಾಟಿ, ಕಣಕಾಲಿನ ಎಲುಬುಗಳ ಮೇಲ್ತುದಿಗೆ ಅಂಟಿಕೊಳ್ಳುತ್ತವೆ. ಮಂಡಿಯ ಹಿಂದೆ ಎರಡೂ ಬದಿಯಲ್ಲಿ ಕೈಗೆ ಸಿಗುವ ಹುರಿಯಂಥ ಎಳೆಗಳು ಇವುಗಳ ತುದಿಗಳೇ.

ಅಂದರೆ ಈ ಸ್ನಾಯುಗಳು ಎರಡು ಕೀಲುಗಳನ್ನು ದಾಟುತ್ತವೆ: ಮೇಲೆ ತೊಡೆಯ ಕೀಲು, ಕೆಳಗೆ ಮಂಡಿ. ಮಂಡಿ ಮಡಚುವುದು, ತೊಡೆಯನ್ನು ಹಿಂದಕ್ಕೆ ಒಯ್ಯುವುದು ಇವುಗಳ ಕೆಲಸ. ನಡೆಯುವಾಗ, ಓಡುವಾಗ, ಮೆಟ್ಟಿಲು ಹತ್ತುವಾಗ ಇವು ದುಡಿಯುತ್ತವೆ. ಬಗ್ಗಿದ ಮೈಯನ್ನು ಮತ್ತೆ ನೆಟ್ಟಗೆ ಎತ್ತುವುದಕ್ಕೂ ಇವು ಬೇಕು. ಮಂಡಿ ನೆಟ್ಟಗಿಟ್ಟು ಮುಂದಕ್ಕೆ ಬಗ್ಗಿದಾಗ ಎರಡೂ ತುದಿಗಳಲ್ಲಿ ಒಟ್ಟಿಗೆ ಎಳೆತ ಬೀಳುವುದರಿಂದ ಬಿಗಿತ ಮೊದಲು ಗೊತ್ತಾಗುವುದು ಆಗಲೇ.

ಈ ಸ್ನಾಯುಗಳಿಗೂ ಬೆನ್ನಿಗೂ ನೇರ ಸಂಪರ್ಕವೂ ಉಂಟು. ಬೈಸೆಪ್ಸ್ ಫೆಮೊರಿಸ್‌ನ ಬುಡ, ಬೆನ್ನುಮೂಳೆಯ ಕೆಳತುದಿಯಲ್ಲಿರುವ ಸ್ಯಾಕ್ರಮ್ ಎಲುಬಿಗೆ ಕಟ್ಟಿಕೊಂಡ ಬಲವಾದ ಅಸ್ಥಿರಜ್ಜುವಿನೊಂದಿಗೆ ಅನೇಕರಲ್ಲಿ ಬೆಸೆದುಕೊಂಡಿರುತ್ತದೆ. ತೊಡೆಯ ಎಳೆತ ಸೊಂಟದವರೆಗೂ ಸಾಗಲು ಇದೂ ಒಂದು ದಾರಿ.

ಬಗ್ಗಿದಾಗ ನಡೆಯುವುದೇನು?

ಸೊಂಟದ ಎಲುಬುಗೂಡನ್ನು, ಅಂದರೆ ಪೆಲ್ವಿಸ್ ಅನ್ನು, ನೀರು ತುಂಬಿದ ಬೋಗುಣಿ ಎಂದುಕೊಳ್ಳಿ. ನಾವು ಸರಿಯಾಗಿ ಮುಂದೆ ಬಗ್ಗಿದರೆ ಈ ಬೋಗುಣಿ ಮುಂದಕ್ಕೆ ವಾಲಿ ನೀರು ಹೊಟ್ಟೆಯ ಕಡೆಗೆ ಚೆಲ್ಲಬೇಕು. ಹ್ಯಾಮ್‌ಸ್ಟ್ರಿಂಗ್ ಬಿಗಿಯಾಗಿದ್ದರೆ ಅದು ಬೋಗುಣಿಯ ಹಿಂಬದಿಯನ್ನು ಕೆಳಕ್ಕೆ ಜಗ್ಗಿ ಹಿಡಿಯುತ್ತದೆ. ಬೋಗುಣಿ ವಾಲುವುದಿಲ್ಲ, ಆದರೂ ನಮ್ಮ ಕೈ ನೆಲದ ಮೇಲಿನ ವಸ್ತುವನ್ನು ಎತ್ತಿಕೊಳ್ಳಲೇಬೇಕು. ಆಗ ಉಳಿದ ಬಾಗುವ ಕೆಲಸವನ್ನು ಸೊಂಟದ ಕಶೇರುಗಳೇ ಮಾಡಬೇಕಾಗುತ್ತದೆ.

ಸಾಮಾನ್ಯವಾಗಿ ಪೂರ್ತಿ ಬಗ್ಗಿದಾಗ ಸೊಂಟದ ಕಶೇರುಗಳಿಂದ ಸುಮಾರು 40ರಿಂದ 60 ಡಿಗ್ರಿ ಬಾಗು ಸಿಗುತ್ತದೆ. ಮಿಕ್ಕಿದ್ದು ತೊಡೆಯ ಕೀಲಿನದು. ತೊಡೆಯ ಕೀಲು ದೊಡ್ಡದು, ಗಟ್ಟಿಯಾದುದು, ಇಂಥ ಚಲನೆಗೆಂದೇ ರೂಪುಗೊಂಡದ್ದು. ಸೊಂಟದ ಡಿಸ್ಕುಗಳೂ ಬಾಗುತ್ತವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ದಿನಕ್ಕೆ ನೂರಾರು ಸಲ, ಅದೂ ಭಾರ ಹೊತ್ತು, ತೊಡೆಯ ಕೀಲಿನ ಪಾಲನ್ನೂ ಅವೇ ಹೊರಬೇಕಾಗಿ ಬಂದರೆ ಸವೆತಕ್ಕೂ ನೋವಿಗೂ ದಾರಿಯಾಗುತ್ತದೆ.

1996ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಅಳೆದು ನೋಡಿತು. ಹಿಂದೆ ಸೊಂಟನೋವು ಅನುಭವಿಸಿದ್ದವರೂ ಎಂದೂ ನೋವು ಕಾಣದವರೂ ಒಟ್ಟಾರೆ ಬಗ್ಗುತ್ತಿದ್ದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ವ್ಯತ್ಯಾಸ ಇದ್ದದ್ದು ಬಗ್ಗುವ ಕ್ರಮದಲ್ಲಿ. ನೋವಿನ ಇತಿಹಾಸ ಇದ್ದವರು ಬಗ್ಗುವ ಮೊದಲ ಹಂತಗಳಲ್ಲೇ ಸೊಂಟವನ್ನು ಹೆಚ್ಚು ಬಳಸುತ್ತಿದ್ದರು, ಅವರ ಹ್ಯಾಮ್‌ಸ್ಟ್ರಿಂಗ್ ಕೂಡ ಹೆಚ್ಚು ಬಿಗಿಯಾಗಿತ್ತು. ಅದೇ ವರ್ಷದ ಮತ್ತೊಂದು ಅಧ್ಯಯನದಲ್ಲಿ ಕೆಲವು ವಾರ ಹ್ಯಾಮ್‌ಸ್ಟ್ರಿಂಗ್ ಎಳೆತದ ವ್ಯಾಯಾಮ ಮಾಡಿಸಿದಾಗ ಬಗ್ಗುವಾಗ ತೊಡೆಯ ಕೀಲಿನ ಚಲನೆ ಹೆಚ್ಚಿತು. ನಿಲ್ಲುವ ಭಂಗಿ ಮಾತ್ರ ಬದಲಾಗಲಿಲ್ಲ. ಸುಮ್ಮನೆ ನಿಂತಾಗ ಹ್ಯಾಮ್‌ಸ್ಟ್ರಿಂಗ್ ಮೇಲೆ ಎಳೆತ ಕಡಿಮೆ ಇರುವುದರಿಂದ ಇದು ಸಹಜ. ಬಿಗಿತದ ಪರಿಣಾಮ ಕಾಣುವುದು ಬಗ್ಗುವಾಗ ಮತ್ತು ಕಾಲು ಚಾಚಿ ಕೂರುವಾಗ.

ಬಿಗಿತದಿಂದ ನೋವೋ, ನೋವಿನಿಂದ ಬಿಗಿತವೋ?

ಸೊಂಟನೋವು ಇರುವವರನ್ನು ಪರೀಕ್ಷಿಸಿದರೆ ಅನೇಕರಲ್ಲಿ ಹ್ಯಾಮ್‌ಸ್ಟ್ರಿಂಗ್ ಬಿಗಿತ ಕಾಣುವುದು ನಿಜ. ಆದರೆ ಎರಡೂ ಒಟ್ಟಿಗೆ ಇವೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಹೇಳಲಾಗದು. ಇನ್ನೂ ನೋವು ಬಾರದವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳೇ ಇಲ್ಲಿ ಹೆಚ್ಚು ಉಪಯುಕ್ತ. ಕೆನಡಾದ ಮಾಂಟ್ರಿಯಲ್‌ನ ಶಾಲಾ ಮಕ್ಕಳನ್ನು ಗಮನಿಸಿದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೊಡೆಯ ಮುಂದಿನ ಮತ್ತು ಹಿಂದಿನ ಸ್ನಾಯುಗಳ ಬಿಗಿತ, ವೇಗದ ಬೆಳವಣಿಗೆ, ಧೂಮಪಾನ ಇವು ಮುಂದೆ ಸೊಂಟನೋವು ಬರುವ ಸಂಭವವನ್ನು ಹೆಚ್ಚಿಸುವುದು ಕಂಡುಬಂತು. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆಯೂ ಹ್ಯಾಮ್‌ಸ್ಟ್ರಿಂಗ್ ಚಲನೆ ಕಡಿಮೆ ಇರುವುದು, ಪಕ್ಕಕ್ಕೆ ಬಾಗುವ ಶಕ್ತಿ ಕಡಿಮೆ ಇರುವುದು, ಸೊಂಟದ ಸಹಜ ಒಳಬಾಗು ತಗ್ಗಿರುವುದು ಈ ಮೂರಕ್ಕೂ ಮುಂದೆ ಬರುವ ಸೊಂಟನೋವಿಗೂ ಸಂಬಂಧ ಇದೆ ಎಂದಿತು.

ಆದರೂ ಇದು ಅನೇಕ ಕಾರಣಗಳಲ್ಲಿ ಒಂದು ಮಾತ್ರ. ಕಾಲ್ಬೆರಳು ಮುಟ್ಟಲಾಗದ ಎಷ್ಟೋ ಜನ ಜೀವನಪೂರ್ತಿ ಸೊಂಟನೋವಿಲ್ಲದೆ ಇದ್ದಾರೆ. ಅಂಗೈಯನ್ನೇ ನೆಲಕ್ಕೆ ಊರುವವರಿಗೂ ಸೊಂಟ ನೋಯುತ್ತದೆ. ನಿದ್ದೆಗೆಡುವುದು, ಮಾನಸಿಕ ಒತ್ತಡ, ದೈಹಿಕ ಚಟುವಟಿಕೆ ಇಲ್ಲದಿರುವುದು, ಅತಿಯಾದ ಭಾರ ಎತ್ತುವ ಕೆಲಸ ಇವೂ ಅಷ್ಟೇ ಮುಖ್ಯ.

‘ಬಿಗಿ’ ಅನ್ನಿಸುವುದಕ್ಕೆ ನಾಲ್ಕು ಕಾರಣ

ತೊಡೆಯ ಹಿಂದೆ ಬಿಗಿ ಅನ್ನಿಸಿದ ಕೂಡಲೇ ಎಳೆಯಲು ಹೊರಡುವ ಮೊದಲು ಅದು ಯಾವ ಬಗೆಯ ಬಿಗಿತ ಎಂದು ತಿಳಿಯಬೇಕು. ಚಿಕಿತ್ಸೆ ನಿಲ್ಲುವುದು ಈ ವ್ಯತ್ಯಾಸದ ಮೇಲೆ.

ಮೊದಲನೆಯದು ನಿಜವಾದ ಬಿಗಿತ. ದಿನವಿಡೀ ಕುರ್ಚಿಯಲ್ಲಿ ಕೂರುವವರು, ಬಸ್ಸು, ಲಾರಿ, ಆಟೊ ಓಡಿಸುವವರು, ವರ್ಷಗಳಿಂದ ಕಾಲು ನೀಡಿ ಎಳೆಯದವರು ಈ ಗುಂಪಿಗೆ ಸೇರುತ್ತಾರೆ. ಎರಡೂ ಕಾಲಿನಲ್ಲಿ ಸರಿಸಮನಾಗಿ, ತೊಡೆಯ ನಡುಭಾಗದಲ್ಲಿ ಮಂದವಾದ ಎಳೆತ ಅನ್ನಿಸುತ್ತದೆ. ಇವರಿಗೆ ಎಳೆತದ ವ್ಯಾಯಾಮ ಚೆನ್ನಾಗಿ ಒದಗುತ್ತದೆ.

ಎರಡನೆಯದು ಕಾವಲಿನ ಬಿಗಿತ. ಸೊಂಟ ಉಳುಕಿದಾಗ, ಕೀಲುಗಳು ನೋಯುವಾಗ ದೇಹ ತಾನಾಗಿಯೇ ಸುತ್ತಲಿನ ಸ್ನಾಯುಗಳನ್ನು ಬಿಗಿ ಹಿಡಿದು ಆ ಜಾಗ ಅಲುಗದಂತೆ ನೋಡಿಕೊಳ್ಳುತ್ತದೆ. ನೋವು ಕಡಿಮೆಯಾದಂತೆ ಈ ಬಿಗಿತವೂ ತಾನಾಗಿಯೇ ಸಡಿಲಗೊಳ್ಳುತ್ತದೆ. ಇದನ್ನು ಬಲವಂತವಾಗಿ ಎಳೆದರೆ ನೋವು ಹೆಚ್ಚುತ್ತದೆ.

ಮೂರನೆಯದು ನರದ ಎಳೆತ. ಸೊಂಟದಿಂದ ಹೊರಟ ಸಯಾಟಿಕ್ ನರ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳ ನಡುವೆಯೇ ಹಾದು ಪಾದದವರೆಗೆ ಹೋಗುತ್ತದೆ. ಡಿಸ್ಕ್ ಉಬ್ಬಿಯೋ ಬೇರೆ ಕಾರಣಕ್ಕೋ ನರದ ಬುಡ ಕೆರಳಿದ್ದರೆ ಕಾಲು ಎತ್ತಿದಾಗ ತೊಡೆಯ ಹಿಂದೆ ಜಗ್ಗಿದಂತಾಗುತ್ತದೆ. ಇದು ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ, ಮಂಡಿಯ ಕೆಳಗೂ ಇಳಿಯುವ ಚುಚ್ಚು, ಉರಿ, ಜೋಮು ಅಥವಾ ಕರೆಂಟು ಹೊಡೆದಂಥ ನೋವಾಗಿ ಕಾಣುತ್ತದೆ. ಕೆರಳಿದ ನರವನ್ನು ಹಿಡಿದು ಎಳೆಯಬಾರದು.

ನಾಲ್ಕನೆಯದು ದುರ್ಬಲ ಸ್ನಾಯುವಿನ ಬಿಗಿತ. ಕೆಲವರ ಪೆಲ್ವಿಸ್ ಮೊದಲೇ ಮುಂದಕ್ಕೆ ವಾಲಿದ್ದು, ಹ್ಯಾಮ್‌ಸ್ಟ್ರಿಂಗ್ ಸದಾ ಎಳೆದುಕೊಂಡೇ ಇರುತ್ತದೆ. ಪೃಷ್ಠದ ಮತ್ತು ಹೊಟ್ಟೆಯ ಸ್ನಾಯುಗಳಲ್ಲಿ ಬಲ ಸಾಲದೆ ಹ್ಯಾಮ್‌ಸ್ಟ್ರಿಂಗ್ ಹೆಚ್ಚು ದುಡಿದು ಸುಸ್ತಾಗಿರುತ್ತದೆ. ಅಳೆದು ನೋಡಿದರೆ ಇವರ ಕಾಲು ಆರಾಮವಾಗಿ ಮೇಲೇರುತ್ತದೆ, ಆದರೂ ಬಿಗಿ ಅನ್ನಿಸುತ್ತದೆ. ಇವರಿಗೆ ಬೇಕಾದ್ದು ಬಲ. ಇನ್ನಷ್ಟು ಎಳೆತದಿಂದ ಪ್ರಯೋಜನವಿಲ್ಲ.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ಬಗ್ಗಿ ಕಾಲ್ಬೆರಳು ಮುಟ್ಟುವುದು ಅಷ್ಟು ಒಳ್ಳೆಯ ಪರೀಕ್ಷೆಯಲ್ಲ. ಕೈ ಉದ್ದವಿದ್ದರೆ, ಕಾಲು ಗಿಡ್ಡವಿದ್ದರೆ, ಬೆನ್ನು ಚೆನ್ನಾಗಿ ಬಾಗಿದರೆ ಬಿಗಿತ ಇದ್ದವರೂ ಮುಟ್ಟಿಬಿಡಬಹುದು. ಇದರ ಬದಲು ಈ ಮೂರನ್ನು ಮಾಡಿ ನೋಡಿ. ತೀವ್ರ ನೋವಿರುವ ದಿನಗಳಲ್ಲಿ ಬೇಡ.

1. ಕಾಲೆತ್ತುವ ಪರೀಕ್ಷೆ: ಚಾಪೆಯ ಮೇಲೆ ಅಂಗಾತ ಮಲಗಿ. ಒಂದು ಕಾಲು ನೆಲದ ಮೇಲೆ ನೆಟ್ಟಗಿರಲಿ. ಇನ್ನೊಂದನ್ನು ಮಂಡಿ ಮಡಚದೆ ಮೆಲ್ಲಗೆ ಎತ್ತಿ, ಅಥವಾ ಮನೆಯವರು ಯಾರಾದರೂ ಹಿಮ್ಮಡಿ ಹಿಡಿದು ಎತ್ತಲಿ. ಹೆಚ್ಚಿನವರಲ್ಲಿ ಕಾಲು 70ರಿಂದ 90 ಡಿಗ್ರಿಯವರೆಗೆ ಏರುತ್ತದೆ. ಅದಕ್ಕಿಂತ ಬಹಳ ಕೆಳಗೇ ತೊಡೆಯ ಹಿಂದೆ ಎಳೆದು ನಿಂತರೆ ಬಿಗಿತ ಇದೆ ಎಂದರ್ಥ. ಆದರೆ 30ರಿಂದ 70 ಡಿಗ್ರಿಯ ಒಳಗೆ ಮಂಡಿಯ ಕೆಳಗೂ ಇಳಿಯುವ ನೋವು ಕಾಣಿಸಿದರೆ ಅದು ನರದ ಸೂಚನೆ. ವೈದ್ಯರು ಮಾಡುವ ಲಸೇಗ್ ಪರೀಕ್ಷೆ ಇದೇ. ಫ್ರೆಂಚ್ ವೈದ್ಯ ಶಾರ್ಲ್ ಲಸೇಗ್ ಅವರ ಹೆಸರಿನಲ್ಲಿ ಅವರ ಶಿಷ್ಯರೊಬ್ಬರು ಇದನ್ನು 1881ರಲ್ಲಿ ವಿವರಿಸಿದರು. ಅದಕ್ಕೂ ಒಂದು ವರ್ಷ ಮೊದಲು ಸರ್ಬಿಯಾದ ವೈದ್ಯ ಲಾಜಾರ್ ಲಾಜರೆವಿಚ್ ಇದರ ಬಗ್ಗೆ ಬರೆದಿದ್ದರು.

2. ಮಂಡಿ ಬಿಡಿಸುವ ಪರೀಕ್ಷೆ: ಅಂಗಾತ ಮಲಗಿ ಒಂದು ತೊಡೆಯನ್ನು ನೆಲಕ್ಕೆ ಲಂಬವಾಗಿ ಎತ್ತಿ, ಎರಡೂ ಕೈಯಿಂದ ಮಂಡಿಯ ಹಿಂದೆ ಹಿಡಿದುಕೊಳ್ಳಿ. ತೊಡೆ ಅಲುಗಿಸದೆ ಮಂಡಿಯನ್ನು ಎಷ್ಟಾಗುತ್ತದೋ ಅಷ್ಟು ಬಿಡಿಸಿ. ಪೂರ್ತಿ ನೇರವಾಗಲು ಸುಮಾರು 20 ಡಿಗ್ರಿಗಿಂತ ಹೆಚ್ಚು ಕೊರತೆ ಬಿದ್ದರೆ ಬಿಗಿತ ಎಂದು ಫಿಸಿಯೊಥೆರಪಿಸ್ಟ್‌ಗಳು ಸಾಮಾನ್ಯವಾಗಿ ಪರಿಗಣಿಸುತ್ತಾರೆ.

3. ನರವೋ ಸ್ನಾಯುವೋ: ಕುರ್ಚಿಯಲ್ಲಿ ಕೂತು ಬೆನ್ನು ಸ್ವಲ್ಪ ಬಾಗಿಸಿ, ಎಳೆತ ಅನ್ನಿಸುವವರೆಗೆ ಒಂದು ಕಾಲನ್ನು ಮುಂದಕ್ಕೆ ನೀಡಿ. ಅಲ್ಲೇ ನಿಲ್ಲಿಸಿ, ಕತ್ತನ್ನು ಮಾತ್ರ ಕೆಳಗೆ ಬಾಗಿಸಿ, ಮತ್ತೆ ಮೇಲೆತ್ತಿ. ಹ್ಯಾಮ್‌ಸ್ಟ್ರಿಂಗ್‌ಗೂ ಕತ್ತಿಗೂ ಯಾವ ಜೋಡಣೆಯೂ ಇಲ್ಲ. ಆದರೆ ನರವ್ಯೂಹ ತಲೆಯಿಂದ ಕಾಲಿನವರೆಗೆ ಒಂದೇ ಎಳೆ. ಕತ್ತು ಬಾಗಿಸಿದಾಗ ತೊಡೆಯ ಎಳೆತ ಹೆಚ್ಚಿ, ಎತ್ತಿದಾಗ ತಗ್ಗಿದರೆ ಅದರಲ್ಲಿ ನರದ ಪಾಲಿದೆ. ನೋವಿಲ್ಲದವರಲ್ಲೂ ಇದು ಒಂದಿಷ್ಟು ಕಾಣುವುದುಂಟು. ಒಂದು ಕಾಲಿಗೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಇದ್ದರೆ, ನಿಮ್ಮ ಎಂದಿನ ನೋವೇ ಮರುಕಳಿಸಿದರೆ ಮಹತ್ವ ಕೊಡಿ.

ಸಡಿಲಿಸುವ ಸರಿಯಾದ ದಾರಿ

ಸೊಂಟನೋವು ಇರುವವರಿಗೆ ಒಂದೇ ಸೂತ್ರ: ಹ್ಯಾಮ್‌ಸ್ಟ್ರಿಂಗ್ ಎಳೆಯುವಾಗ ಸೊಂಟಕ್ಕೆ ವಿಶ್ರಾಂತಿ ಇರಬೇಕು. ಆದ್ದರಿಂದ ನಿಂತು ಬಗ್ಗುವುದಕ್ಕಿಂತ ಮಲಗಿ ಮಾಡುವುದು ಒಳ್ಳೆಯದು.

ಟವೆಲ್ ಎಳೆತ: ಅಂಗಾತ ಮಲಗಿ. ಟವೆಲ್, ಪಂಚೆ ಅಥವಾ ಹಳೆಯ ವೇಲನ್ನು ಒಂದು ಪಾದದ ಅಡಿಗೆ ಹಾಕಿ ಎರಡೂ ತುದಿ ಹಿಡಿದುಕೊಳ್ಳಿ. ಕಾಲನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಳ್ಳಿ. ಮಂಡಿ ಒಂಚೂರು ಬಾಗಿದ್ದರೂ ಪರವಾಗಿಲ್ಲ. ನೋವು ಹೆಚ್ಚಿದ್ದವರು ಇನ್ನೊಂದು ಕಾಲನ್ನು ಮಡಚಿ ಪಾದ ಊರಿಕೊಳ್ಳಲಿ.

ಬಾಗಿಲಿನ ಎಳೆತ: ಬಾಗಿಲ ಚೌಕಟ್ಟಿನ ಪಕ್ಕ ಮಲಗಿ, ಒಂದು ಕಾಲನ್ನು ಗೋಡೆಗೆ ಒರಗಿಸಿ ಮೇಲೆತ್ತಿ, ಇನ್ನೊಂದು ಕಾಲು ಬಾಗಿಲಿನಾಚೆ ನೆಲದ ಮೇಲೆ ಚಾಚಿರಲಿ. ಕೈಗೆ ಶ್ರಮವಿಲ್ಲ, ಸೊಂಟ ನೆಲಕ್ಕೆ ಅಂಟಿರುತ್ತದೆ. ಕೈಯಲ್ಲಿ ಶಕ್ತಿ ಕಡಿಮೆ ಇರುವ ಹಿರಿಯರಿಗೂ ಅನುಕೂಲ.

ಕುರ್ಚಿಯ ಎಳೆತ: ನೆಲದ ಮೇಲೆ ಮಲಗಿ ಏಳಲು ಕಷ್ಟವಿದ್ದರೆ ಅಥವಾ ಆಫೀಸಿನಲ್ಲಿದ್ದರೆ ಕುರ್ಚಿಯ ಅಂಚಿಗೆ ಬಂದು ಕೂತು, ಒಂದು ಕಾಲು ಮುಂದಕ್ಕೆ ಚಾಚಿ ಹಿಮ್ಮಡಿ ಊರಿ. ಬೆನ್ನು ನೆಟ್ಟಗಿಟ್ಟು, ಹೊಕ್ಕುಳನ್ನು ತೊಡೆಯ ಕಡೆಗೆ ಒಯ್ಯುವಂತೆ ತೊಡೆಸಂದಿನಿಂದ ಮುಂದೆ ವಾಲಿ. ಹಣೆಯನ್ನು ಮಂಡಿಗೆ ತಾಗಿಸಲು ಹೋಗಬೇಡಿ. ಹಾಗೆ ಮಾಡಿದರೆ ಬಾಗುವುದು ಬೆನ್ನು ಮಾತ್ರ.

ಎಷ್ಟು ಹೊತ್ತು? 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನಗಳಲ್ಲಿ ದಿನಕ್ಕೊಮ್ಮೆ 30 ಸೆಕೆಂಡಿನಂತೆ ವಾರಕ್ಕೆ 5 ದಿನ, 6 ವಾರ ಎಳೆದವರಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. 60 ಸೆಕೆಂಡು ಹಿಡಿದವರಿಗೆ ಅದಕ್ಕಿಂತ ಹೆಚ್ಚಿನ ಲಾಭ ಸಿಗಲಿಲ್ಲ. 65 ದಾಟಿದವರಲ್ಲಿ ಮಾತ್ರ 60 ಸೆಕೆಂಡು ಹಿಡಿದಾಗ ಹೆಚ್ಚು ಫಲ ದೊರೆಯಿತು ಎಂದು 2001ರ ಅಧ್ಯಯನವೊಂದು ತೋರಿಸಿತು. ಹಾಗಾಗಿ ಒಂದೊಂದು ಕಾಲಿಗೆ 30 ಸೆಕೆಂಡು, ಹಿರಿಯರಾದರೆ 60 ಸೆಕೆಂಡು, ಎರಡು ಮೂರು ಸಲ ಮಾಡಿದರೆ ಸಾಕು. ಎಳೆತ ಹಿತವಾಗಿರಬೇಕು, ಉಸಿರಾಟ ಸರಾಗವಾಗಿರಬೇಕು. ಜಗ್ಗಿ ಜಗ್ಗಿ ಕುಲುಕಬಾರದು. ಐದು ನಿಮಿಷ ನಡೆದಾಡಿ ಮೈ ಬೆಚ್ಚಗಾದ ಮೇಲೆ ಮಾಡಿ.

ಇಂಥ ವ್ಯಾಯಾಮದಿಂದ ಕೆಲವೇ ವಾರಗಳಲ್ಲಿ ಕಾಲು ಹೆಚ್ಚು ಮೇಲೇರುವುದಕ್ಕೆ ಸ್ನಾಯು ಉದ್ದವಾಗುವುದೇ ಕಾರಣ ಎಂದು ಹಿಂದೆ ನಂಬಿದ್ದರು. ಎಳೆತವನ್ನು ಸಹಿಸುವ ಶಕ್ತಿ ಹೆಚ್ಚುವುದೇ ಮುಖ್ಯ ಕಾರಣ ಎಂಬ ವಿವರಣೆಗೆ ಈಗ ಹೆಚ್ಚು ಒಪ್ಪಿಗೆ ಇದೆ. ಸ್ನಾಯು ಹಿಗ್ಗುವ ಮೊದಲು ನರವ್ಯೂಹ ‘ಇಷ್ಟು ದೂರ ಹೋದರೆ ಅಪಾಯವಿಲ್ಲ’ ಎಂದು ಕಲಿಯುತ್ತದೆ. ಬಲವಂತಕ್ಕಿಂತ ನಿಯಮಿತ ಅಭ್ಯಾಸ ಫಲ ಕೊಡುವುದು ಇದರಿಂದಲೇ.

ನರದ ಎಳೆತ ಇರುವವರು ಹಿಡಿದು ನಿಲ್ಲಿಸುವ ಎಳೆತ ಬಿಡಬೇಕು. ಕುರ್ಚಿಯಲ್ಲಿ ಕೂತು, ಕಾಲನ್ನು ಮುಂದೆ ನೀಡುವಾಗ ತಲೆಯನ್ನು ಮೇಲೆತ್ತುವುದು, ಕಾಲನ್ನು ಇಳಿಸುವಾಗ ತಲೆಯನ್ನು ಬಾಗಿಸುವುದು: ಇದನ್ನು ಮೆಲ್ಲಗೆ ಹತ್ತು ಸಲ ಮಾಡಿದರೆ ನರ ಎಳೆಸಿಕೊಳ್ಳದೆ ತನ್ನ ಹಾದಿಯಲ್ಲಿ ಜಾರಾಡುತ್ತದೆ. ಇದನ್ನು ಮೊದಲು ಫಿಸಿಯೊಥೆರಪಿಸ್ಟ್ ಬಳಿ ಕಲಿತು ಮಾಡುವುದು ಕ್ಷೇಮ.

ಸಡಿಲವಾದರೆ ಸಾಲದು, ಬಲವೂ ಬೇಕು

ಹೊಸದಾಗಿ ಸಿಕ್ಕ ಚಲನೆಯನ್ನು ಬಳಸಿಕೊಳ್ಳುವ ಶಕ್ತಿ ಸ್ನಾಯುವಿಗೆ ಇಲ್ಲದಿದ್ದರೆ ದೇಹ ಹಳೆಯ ರೂಢಿಗೇ ಮರಳುತ್ತದೆ. ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವಂಥ ವ್ಯಾಯಾಮಗಳಿಂದಲೂ ಸಡಿಲತೆ ಹೆಚ್ಚುತ್ತದೆ ಎಂಬುದು ಈಗ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಎರಡು ವ್ಯಾಯಾಮಗಳಿಂದ ಶುರು ಮಾಡಬಹುದು.

ಸೇತುವೆ: ಅಂಗಾತ ಮಲಗಿ ಮಂಡಿ ಮಡಚಿ ಪಾದ ಊರಿ, ಪೃಷ್ಠವನ್ನು ಬಿಗಿ ಹಿಡಿದು ಸೊಂಟ ಮೇಲೆತ್ತಿ. ಐದು ಸೆಕೆಂಡು ನಿಲ್ಲಿಸಿ ಇಳಿಸಿ. ಹತ್ತು ಸಲ. ಅಭ್ಯಾಸವಾದ ಮೇಲೆ ಪಾದಗಳನ್ನು ತುಸು ದೂರ ಇಟ್ಟರೆ ಹ್ಯಾಮ್‌ಸ್ಟ್ರಿಂಗ್‌ಗೆ ಹೆಚ್ಚು ಕೆಲಸ ಬೀಳುತ್ತದೆ.

ತೊಡೆಸಂದಿನಿಂದ ಬಗ್ಗುವ ಅಭ್ಯಾಸ: ಈ ಲೇಖನದಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ನೇರವಾದ ಒಂದು ಕೋಲನ್ನು ಬೆನ್ನ ಮೇಲೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಹೆಗಲ ಮೂಳೆಗಳ ನಡುವೆ, ಪೃಷ್ಠದ ನಡುವೆ ಹೀಗೆ ಮೂರು ಕಡೆ ಅದು ತಾಗಿರಲಿ. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರ ನಿಂತು, ಮಂಡಿಯನ್ನು ಸ್ವಲ್ಪವೇ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ಒಯ್ದು ಗೋಡೆಗೆ ತಾಗಿಸಿ. ಕೋಲು ಮೂರೂ ಕಡೆ ತಾಗಿಕೊಂಡೇ ಇದ್ದರೆ ನೀವು ಸೊಂಟದಿಂದಲ್ಲ, ತೊಡೆಯ ಕೀಲಿನಿಂದ ಬಗ್ಗಿದ್ದೀರಿ. ದಿನಕ್ಕೆ ಹತ್ತು ಸಲ ಹೀಗೆ ಮಾಡಿ, ಸಲೀಸಾದ ಮೇಲೆ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಮಾಡಿ.

ದಿನನಿತ್ಯದ ಕೆಲಸಗಳಲ್ಲಿ

ವ್ಯಾಯಾಮ ದಿನಕ್ಕೆ ಹತ್ತು ನಿಮಿಷ. ಬಗ್ಗುವ ಕೆಲಸ ದಿನವಿಡೀ. ಗಿಡ್ಡ ಪೊರಕೆಯಲ್ಲಿ ಕಸ ಗುಡಿಸುವುದು, ಬಗ್ಗಿ ನೆಲ ಒರೆಸುವುದು, ರಂಗೋಲಿ ಹಾಕುವುದು, ಕೊಡ ಎತ್ತುವುದು, ಗದ್ದೆಯಲ್ಲಿ ನಾಟಿ ಮಾಡುವುದು, ಕಳೆ ಕೀಳುವುದು ಇವೆಲ್ಲ ಸೊಂಟ ಬಾಗಿಸಿ ಮಾಡುವ ಕೆಲಸಗಳೇ. ಉದ್ದ ಹಿಡಿಯ ಪೊರಕೆ ಮತ್ತು ಮಾಪ್ ಬಳಸಿ. ರಂಗೋಲಿಗೆ ಕುಕ್ಕರಗಾಲಿನಲ್ಲಿ ಕೂರಿ ಅಥವಾ ಮಣೆ ಹಾಕಿಕೊಳ್ಳಿ. ಕೊಡ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆಯನ್ನು ಎತ್ತುವಾಗ ಹತ್ತಿರ ನಿಂತು, ಮಂಡಿಯನ್ನೂ ಬಗ್ಗಿಸಿ, ಭಾರವನ್ನು ಮೈಗೆ ಒತ್ತಿ ಹಿಡಿಯಿರಿ. ನಾಟಿ, ಕಳೆಯ ಕೆಲಸದಲ್ಲಿ ಬಗ್ಗುವುದು ಅನಿವಾರ್ಯ. ಆದರೂ ಒಂದೊಂದು ಸಾಲು ಮುಗಿದಾಗ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿದರೆ ಸೊಂಟಕ್ಕೆ ಬಿಡುವು ಸಿಗುತ್ತದೆ. ಕಂಪ್ಯೂಟರ್ ಮುಂದೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಬೆಳಗಿನ ಹೊತ್ತು ವಿಶೇಷ ಎಚ್ಚರ ಬೇಕು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬುತ್ತವೆ; ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಎತ್ತರವಾಗಿರುವುದು ಇದರಿಂದಲೇ. ಈ ಎತ್ತರದಲ್ಲಿ ಸುಮಾರು ಅರ್ಧದಷ್ಟು ಎದ್ದ ಮೊದಲ ಒಂದು ಗಂಟೆಯಲ್ಲೇ ಇಳಿಯುತ್ತದೆ. ಉಬ್ಬಿದ ಡಿಸ್ಕನ್ನು ಬಾಗಿಸಿದರೆ ಅದರ ಮೇಲಿನ ಒತ್ತಡ ಹೆಚ್ಚು. ಬೆಳಗಿನ ಹೊತ್ತು ಬಗ್ಗುವುದನ್ನು ಹಿಡಿತದಲ್ಲಿಟ್ಟ ದೀರ್ಘಕಾಲದ ರೋಗಿಗಳಿಗೆ ನೋವು ಕಡಿಮೆಯಾಯಿತು ಎಂದು 1998ರ ಅಧ್ಯಯನವೊಂದು ದಾಖಲಿಸಿದೆ. ಎದ್ದು ಒಂದು ಗಂಟೆಯಾದರೂ ಕಳೆದ ಮೇಲೆ ಈ ವ್ಯಾಯಾಮಗಳನ್ನು ಮಾಡಿ. ಸಂಜೆ ಮಾಡಿದರೂ ಒಳ್ಳೆಯದೇ.

ಯೋಗ ಮಾಡುವವರಿಗೆ

ಆಧುನಿಕ ಆಸನ ಪದ್ಧತಿಯ ದೊಡ್ಡ ಕವಲೊಂದು ಬೆಳೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರಲ್ಲಿ ಕಲಿತ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬೆಲ್ಟು, ಮರದ ಇಟ್ಟಿಗೆ, ಕುರ್ಚಿಗಳ ನೆರವಿನಿಂದ ಬಿಗಿ ಮೈಯವರೂ ಆಸನ ಮಾಡುವ ದಾರಿ ತೋರಿದರು. ಸೊಂಟನೋವಿನವರು ನೆನಪಿಡಬೇಕಾದ್ದು ಈ ದಾರಿಯನ್ನೇ. ಅಂಗಾತ ಮಲಗಿ ಬೆಲ್ಟಿನಿಂದ ಕಾಲೆತ್ತುವ ಸುಪ್ತ ಪಾದಾಂಗುಷ್ಠಾಸನ ಸೊಂಟಕ್ಕೆ ಸುರಕ್ಷಿತ. ಪಶ್ಚಿಮೋತ್ತಾನಾಸನ ಮತ್ತು ಸೂರ್ಯನಮಸ್ಕಾರದ ಪಾದಹಸ್ತಾಸನಗಳಲ್ಲಿ ಬೆನ್ನು ಹೆಚ್ಚು ಬಾಗುತ್ತದೆ. ನೋವಿರುವಾಗ ಅವನ್ನು ಬಿಡಿ. ನೋವು ಹೋದ ಮೇಲೆ ಮಡಚಿದ ಕಂಬಳಿಯ ಮೇಲೆ ಕೂತು, ಮಂಡಿ ಸ್ವಲ್ಪ ಬಾಗಿಸಿ, ಪಾದಕ್ಕೆ ಬೆಲ್ಟು ಹಾಕಿ ಶುರು ಮಾಡಿ. ಯಾರಿಂದಲೂ ಬೆನ್ನ ಮೇಲೆ ಒತ್ತಿಸಿಕೊಳ್ಳಬೇಡಿ.

ಯೋಗದಿಂದ ಪ್ರಯೋಜನ ಇದೆಯೇ? ಬೆಂಗಳೂರು ಸಮೀಪದ ಎಸ್-ವ್ಯಾಸ ವಿಶ್ವವಿದ್ಯಾಲಯದ ಸಂಶೋಧಕರು ದೀರ್ಘಕಾಲದ ಸೊಂಟನೋವಿನ 80 ಮಂದಿಯ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಾರದ ವಸತಿ ಯೋಗ ಶಿಬಿರದಿಂದ ದೈನಂದಿನ ಅಡಚಣೆ ತಗ್ಗಿತು, ಬೆನ್ನಿನ ಸಡಿಲತೆ ಹೆಚ್ಚಿತು. ಅಮೆರಿಕದಲ್ಲಿ 228 ಜನರ ಮೇಲೆ ನಡೆದ 2011ರ ಅಧ್ಯಯನದಲ್ಲಿ ಯೋಗವೂ ಸಾಮಾನ್ಯ ಎಳೆತದ ವ್ಯಾಯಾಮವೂ ಸರಿಸಮನಾಗಿ ಫಲ ಕೊಟ್ಟವು. ಪುಸ್ತಕ ಓದಿ ತಾವೇ ಆರೈಕೆ ಮಾಡಿಕೊಂಡವರಿಗಿಂತ ಯೋಗ ಮಾಡಿದವರು ಹೆಚ್ಚು ಸುಧಾರಿಸಿದರು. ನಿಮಗೆ ಯಾವುದು ಹಿಡಿಸುತ್ತದೋ ಅದನ್ನು ತಪ್ಪದೆ ಮಾಡಿ.

ಮಕ್ಕಳ ಬಿಗಿತವನ್ನು ಹಗುರವಾಗಿ ಕಾಣಬೇಡಿ

ಎತ್ತರ ಬೇಗ ಬೇಗ ಬೆಳೆಯುವ ಹದಿಹರೆಯದಲ್ಲಿ ಹ್ಯಾಮ್‌ಸ್ಟ್ರಿಂಗ್ ಬಿಗಿಯಾಗುವುದು ಸಾಮಾನ್ಯ. ಆದರೆ ಆಟವಾಡುವ ಮಕ್ಕಳಲ್ಲಿ, ಅದರಲ್ಲೂ ಕ್ರಿಕೆಟ್‌ನಲ್ಲಿ ವೇಗದ ಬೌಲಿಂಗ್ ಮಾಡುವವರು ಮತ್ತು ಜಿಮ್ನಾಸ್ಟಿಕ್ಸ್‌ನವರಲ್ಲಿ, ಸೊಂಟನೋವಿನ ಜೊತೆಗೆ ವಿಪರೀತ ಬಿಗಿತ ಇದ್ದರೆ, ಹಿಂದಕ್ಕೆ ಬಾಗಿದಾಗ ನೋವು ಹೆಚ್ಚಾದರೆ, ಕಶೇರುವಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು ಅಥವಾ ಕಶೇರು ಮುಂದಕ್ಕೆ ಜಾರಿರಬಹುದು. ಇಲ್ಲಿ ಬಿಗಿತ ಆ ಗಾಯದ ಪರಿಣಾಮ. ಎಳೆದು ಸರಿಪಡಿಸಲು ಹೋಗದೆ ಆಟ ನಿಲ್ಲಿಸಿ ಮೂಳೆ ತಜ್ಞರಿಗೆ ತೋರಿಸಿ.

ವೈದ್ಯರ ಬಳಿ ತಕ್ಷಣ ಹೋಗಬೇಕಾದ ಲಕ್ಷಣಗಳು

- ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ಗುದ ಮತ್ತು ತೊಡೆಸಂದಿನ ಸುತ್ತ ಮರಗಟ್ಟುವುದು. ಇದು ತುರ್ತು ಸ್ಥಿತಿ. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು.
- ಕಾಲಿನ ಬಲ ಕುಂದುವುದು, ನಡೆಯುವಾಗ ಪಾದ ಎಳೆಯುವುದು.
- ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಇದೆ ಎಂಬುದನ್ನು ಮರೆಯಬಾರದು.
- ಮಲಗಿದರೂ ತಗ್ಗದ ರಾತ್ರಿಯ ನೋವು, ಹಿಂದೆ ಕ್ಯಾನ್ಸರ್ ಬಂದಿದ್ದವರಲ್ಲಿ ಹೊಸ ನೋವು.
- ಬಿದ್ದ ಮೇಲೆ, ಅಪಘಾತದ ಮೇಲೆ ಶುರುವಾದ ನೋವು. ಮೂಳೆ ಸವೆದ ಹಿರಿಯರಲ್ಲಿ ಸಣ್ಣ ಪೆಟ್ಟಿನ ನಂತರದ ನೋವು.

ಇವು ಯಾವುವೂ ಇಲ್ಲದಿದ್ದರೆ ದಿನಗಟ್ಟಲೆ ಮಲಗುವುದು ಬೇಡ, ಆದಷ್ಟು ಓಡಾಡಿಕೊಂಡಿರಿ. ದೀರ್ಘಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮ ಮತ್ತು ರೋಗಿಗೆ ತಿಳಿವಳಿಕೆ ಕೊಡುವುದನ್ನು ಶಿಫಾರಸು ಮಾಡುತ್ತದೆ. ಸೊಂಟದ ಬೆಲ್ಟ್ ಹಾಗೂ ಟ್ರ್ಯಾಕ್ಷನ್ ಅನ್ನು ವಾಡಿಕೆಯಂತೆ ಬಳಸಬಾರದು ಎನ್ನುತ್ತದೆ.

ಆರು ವಾರ ಈ ಕ್ರಮವನ್ನು ತಪ್ಪದೆ ಮಾಡಿ, ಆಮೇಲೆ ಕಾಲೆತ್ತುವ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಿ. ಕಾಲು ಮೇಲೇರಿ, ನೋವೂ ತಗ್ಗಿದ್ದರೆ ವಾರಕ್ಕೆ ಎರಡು ಮೂರು ದಿನ ಮುಂದುವರಿಸಿ. ಕಾಲು ಮೇಲೇರಿಯೂ ನೋವು ಹಾಗೇ ಉಳಿದರೆ ಹ್ಯಾಮ್‌ಸ್ಟ್ರಿಂಗ್ ನಿಮ್ಮ ನೋವಿನ ಮುಖ್ಯ ಕಾರಣವಲ್ಲ. ಫಿಸಿಯೊಥೆರಪಿಸ್ಟ್ ಅಥವಾ ವೈದ್ಯರಿಂದ ಬೇರೆ ಕಾರಣ ಹುಡುಕಿಸಿ. ಕಾಲ್ಬೆರಳು ಮುಟ್ಟಲೇಬೇಕೆಂಬ ಹಟ ಬೇಡ. ತೊಡೆಯ ಕೀಲಿನಿಂದ ಬಗ್ಗಲು ಬಂದರೆ ಸೊಂಟಕ್ಕೆ ಅಷ್ಟೇ ಸಾಕು.